ಮೇಲಿಂದ ಹೊಯ್ದ ನೀರು

ಮುಗದದ ಊರ ಹೊರಗಿನ ಕೇರಿಯಲ್ಲಿ ಮೊದಲು ಬಿ.ಎ. ಮಾಡಿದವನು ಅರ್ಜುನಪ್ಪ. ಅಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಧಾರವಾಡದ ದೊಡ್ಡವರ ಓಣಿಯಲ್ಲೇ ಇರಬೇಕು, ಅವರಲ್ಲೊಬ್ಬ ಎನಿಸಿಕೊಳ್ಳಬೇಕು ಎಂಬ ಹಟ ಅವನಿಗೆ. ಸಿದ್ದಲಿಂಗಪ್ಪನವರ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಹಿಡಿದ. ಅವರು ಹೈಸ್ಕೂಲೊಂದರ ಕಮಿಟಿಯಲ್ಲಿದ್ದರು. ಜೂನ್‌ಗೆ ಮಾಸ್ತರಿಕೆ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದರು. ಅವರು ಜಾತಿ ಕೇಳಲಿಲ್ಲ, ಇವನು ಹೇಳಲಿಲ್ಲ.

ಅರವತ್ತೆರಡರ ಬೇಸಿಗೆಯಲ್ಲಿ ಅವನ ತಾಯಿ ಸತ್ಯವ್ವ ರೊಟ್ಟಿಗಂಟು ಹೊತ್ತು ಬಂದೇಬಿಟ್ಟಳು. ಬರಬೇಡವೆಂದು ಹೇಳಿಕಳಿಸಿದ್ದ, ಹೆತ್ತ ಕರುಳು ಕೇಳಬೇಕಲ್ಲ. ಬಿಸಿಲಲ್ಲಿ ಬೆಂದು ಬಂದವಳನ್ನು ಕಂಡು ಸಿದ್ದಲಿಂಗಪ್ಪನವರ ಹೆಂಡತಿ ತಾವೇ ತಂಬಿಗೆಯಲ್ಲಿ ನೀರು ತಂದರು, ಒಳಗೆ ಬಾ ಎಂದರು. ಸತ್ಯವ್ವ ಒಳಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಕಲಿತಂತೆ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದಳು.

ತಂಬಿಗೆ ಹಿಡಿದ ಮನೆಯೊಡತಿಯ ಕೈ ಅಲ್ಲೇ ನಿಂತಿತು. ಕಣ್ಣು ಮೆಟ್ಟಿಲ ಮೇಲಿದ್ದ ಅರ್ಜುನಪ್ಪನತ್ತ ಹೊರಳಿತು. ಆ ಬೊಗಸೆ ಯಾವ ಕೇರಿಯದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅರ್ಜುನಪ್ಪಾ, ಯಾರಪಾ ಈಕಿ?"

ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುತ್ತದೆಂಬ ಭಯಕ್ಕೆ ಅವನ ನಾಲಿಗೆ ಅವನಿಗಿಂತ ಮುಂದೆ ಓಡಿತು. "ನಮ್ಮ ಹೊಲದಾಗ ಆಳಿನ ಕೆಲಸಕ್ಕ ಬರ್ತಾಳ್ರಿ."

ಸತ್ಯವ್ವ ತಲೆಯೆತ್ತಿ ಮಗನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡಳು.

"ಹೌದ್ರಿ ಅವ್ವಾರ. ಇವರ ತಾಯಾರು ರೊಟ್ಟಿ ಕೊಟ್ ಕಳಿಸ್ಯಾರ್ರಿ."

ಮನೆಯೊಡತಿ ತಂಬಿಗೆ ಎತ್ತಿ ಹಿಡಿದು ನೀರು ಹೊಯ್ದರು. ಎರಡು ಗುಟುಕಿಗೇ ಸಾಕೆಂದು ಸತ್ಯವ್ವ ಎದ್ದು, ಗಂಟು ಅಲ್ಲೇ ಇಟ್ಟು ಹೊರಟಳು.

ಅವ್ವನ ಬಾಯಾರಿಕೆ ತೀರಿಲ್ಲವೆಂದು ಅರ್ಜುನಪ್ಪನಿಗೆ ಗೊತ್ತಿತ್ತು. ಕೋಣೆಯಿಂದ ತನ್ನ ತಂಬಿಗೆ ತೆಗೆದುಕೊಂಡು ಸ್ಟೇಶನ್ನಿನವರೆಗೂ ಹಿಂದೆ ಹಿಂದೆಯೇ ನಡೆದ. ಪಕ್ಕದಲ್ಲಿ ನಡೆಯಲು ಮುಖವಿರಲಿಲ್ಲ. ಅವಳೋ, ದಾರಿಯುದ್ದಕ್ಕೂ ಶೇಂಗಾ ಚಟ್ನಿಗೆ ಈ ಸಲ ಉಪ್ಪು ಹೆಚ್ಚಾಗಿದೆಯೆಂದೇ ಹೇಳುತ್ತಿದ್ದಳು.

ಗಾಡಿಗೆ ಇನ್ನೂ ಹೊತ್ತಿತ್ತು. ನಳದಲ್ಲಿ ನೀರು ತುಂಬಿ ತಂದು, ತುಟಿಗೆ ಹಚ್ಚಿ ಕುಡಿ ಎಂದು ತಂಬಿಗೆ ಚಾಚಿದ. ಸತ್ಯವ್ವ ನೆಲಕ್ಕೆ ಕೂತು ಮತ್ತೆ ಬೊಗಸೆ ಹಿಡಿದಳು.

"ಮ್ಯಾಲಿಂದ ಹಾಕಪಾ. ನಿಮ್ಮ ಓಣಿಯವರು ಯಾರರ ಇರ್ತಾರ ಇಲ್ಲೆ. ಮೊದಲ ನಿನ್ನ ನೌಕರಿ ಆಗಲಿ."

ದನಿಯಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಹೇಗೋ ತಾಳಿಕೊಳ್ಳುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಆದರೂ ಅರ್ಜುನಪ್ಪ ಒಮ್ಮೆ ಸುತ್ತ ನೋಡಿದ. ನೋಡಿ, ತಂಬಿಗೆ ಎತ್ತಿ ಹಿಡಿದು, ಹೆತ್ತವಳ ಬೊಗಸೆಗೆ ಮೇಲಿಂದ ನೀರು ಹೊಯ್ದ.