ಖಾಲಿ ಫ್ಲಾಶ್

ಹೊಸದಾಗಿ ಕೊಂಡ ಡಿಜಿಟಲ್ ಕ್ಯಾಮೆರಾಕ್ಕೆ ಕಂಪನಿಯದೇ ಎರಡನೇ ಬ್ಯಾಟರಿ ದುಬಾರಿಯೆಂದು ಬೆಂಗಳೂರಿನಿಂದ ಡೂಪ್ಲಿಕೇಟ್ ತಂದಿದ್ದೆ. ಹಾಳಾದ್ದು, ಸಾಯುವ ಕ್ಷಣದವರೆಗೂ ಪರದೆಯ ಮೇಲೆ ಫುಲ್ ಎಂದೇ ತೋರಿಸುತ್ತಿತ್ತು. ಕುದೂರಿನ ಛತ್ರದಲ್ಲಿ ಒಂದು ಮದುವೆಯ ಫೋಟೊ ಒಪ್ಪಿಕೊಂಡಿದ್ದೆ; ಮುಹೂರ್ತಕ್ಕೆ ಕಂಪನಿಯ ಬ್ಯಾಟರಿ ಸಾಕಾಯಿತು. ಆಮೇಲೆ ಡೂಪ್ಲಿಕೇಟ್ ಹಾಕಿದೆ. ಮದುಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಲು ನೆಂಟರು ಸಾಲುಗಟ್ಟಿ ನಿಂತಾಗ ಅದು ಸತ್ತೇಹೋಯಿತು.

ನಾನೇನೂ ಹೆದರಲಿಲ್ಲ. ಕ್ಯಾಮೆರಾದ ಮೇಲೆ ಕೂರಿಸುವ ಫ್ಲಾಶಿಗೆ ಬೇರೆಯೇ ಸೆಲ್ಲುಗಳಿರುತ್ತವೆ; ಅದರದೇ ಗುಂಡಿ ಒತ್ತಿದರೆ ಸಾಕು, ಬೆಳಕು ಬರುತ್ತದೆ. ರೀಲಿನ ಕಾಲದಲ್ಲಿ ಫೋಟೊ ತೆಗೆಯದೆ ಬರೀ ಫ್ಲಾಶ್ ಹೊಡೆದು ಎಷ್ಟು ರೀಲು ಉಳಿಸಿಲ್ಲ! ನೆಂಟರು ಹಲ್ಲು ಕಿರಿದು, ಖುಷಿಯಾಗಿ ಊಟಕ್ಕೆ ಇಳಿಯುತ್ತಿದ್ದರು. ಈಗಲೂ ಹಾಗೇ ಹೊಡೆಯುತ್ತಾ ಹೋದೆ.

ಮದುಮಗಳ ಸೋದರತ್ತೆ ಶಿವಲಿಂಗಮ್ಮ ಮಾತ್ರ ಊಟಕ್ಕೆ ಹೋಗದೆ ನೇರ ನನ್ನ ಹತ್ತಿರ ಬಂದರು.

"ಎಲ್ಲಿ ಕೆಂಪರಾಜು, ಒಸಿ ತೋರ್ಸು. ಈಗಿನ ಕ್ಯಾಮ್ರದಲ್ಲಿ ಹಿಂದ್ಗಡೆ ಆಗ್ಲೇ ಕಾಣ್ತೈತಂತಲ್ಲ?"

ಕಪ್ಪು ಪರದೆಯನ್ನು ಅಂಗೈಯಿಂದ ಮುಚ್ಚಿಕೊಂಡೆ. "ಬ್ಯಾಟ್ರಿ ಹೋಗ್ಬುಟ್ಟೈತೆ ಕಣಕ್ಕ."

"ಬ್ಯಾಟ್ರಿ ಇಲ್ದೆ ಬೆಳಕು ಹೆಂಗ್ ಬಂತು?"

"ಅದು... ಫ್ಲಾಶೇ ಬ್ಯಾರೆ, ಫೋಟೊನೇ ಬ್ಯಾರೆ."

ಶಿವಲಿಂಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನಿಧಾನವಾಗಿ ಕೇಳಿದರು:

"ಎಂಟು ವರ್ಷದ ಹಿಂದೆ ನನ್ ಮಗಳ ಮದ್ವೇಲಿ, ರೀಲಿಗೆ ಬಿಸ್ಲು ಹೊಡ್ದು ನಮ್ ಕಡೆಯೋರ ಫೋಟೊ ಎಲ್ಲಾ ಹಾಳಾದ್ವು ಅಂದಿದ್ಯಲ್ಲ?"

ನಾನು ಫ್ಲಾಶನ್ನು ಕಳಚಿ ಬ್ಯಾಗಿಗೆ ಹಾಕತೊಡಗಿದೆ.

"ಅವತ್ತೂ ಬೆಳಕು ಮಾತ್ರ ಸಂದಾಗೇ ಬಂದಿತ್ತು ಕಣಪ್ಪ."