ಕೈ ಎತ್ತಿದರೆ ನಿಲ್ಲುವ ರೈಲು

"ಅಪ್ಪಾ, ನಿಮ್ಮ ಆ ಟಾಯ್ ಟ್ರೈನ್ ಮತ್ತೆ ಸ್ಟಾರ್ಟ್ ಆಗಿದೆ! ವಿಡಿಯೋ ಕಳ್ಸಿದೀನಿ. ಇಬ್ರೂ ಜಗಳ ಆಡ್ದೆ ನೋಡಿ," ಎಂದು ಮಗಳು ನಿಧಿ ಅಟ್ಲಾಂಟಾದಿಂದ ಫೋನ್ ಮಾಡಿದಳು.

ಲಾರೆನ್ಸ್‌ವಿಲ್‌ನ ಮನೆಯಲ್ಲಿ ಶೇಷಾದ್ರಿ ಟೀವಿ ಹಚ್ಚಿದ. ಹೆಂಡತಿ ವಸಂತಾ ಬಾಗಿಲ ಬಳಿಯೇ ನಿಂತಳು.

ನಿಧಿ ಹುಟ್ಟುವುದಕ್ಕೆ ಮೊದಲು, ಶೇಷಾದ್ರಿಗೆ ಜರ್ಮನಿಯಲ್ಲಿ ಕೆಲಸವಿದ್ದಾಗ, ಅವರು ಒಂದು ಹಳ್ಳಿಯಲ್ಲಿ ಎರಡು ವರ್ಷ ಇದ್ದರು. ಮರದ ದಿಮ್ಮಿ, ಆಲೂಗಡ್ಡೆ ಸಾಗಿಸಲೆಂದು ನೂರು ವರ್ಷದ ಹಿಂದೆ ಹಾಕಿದ ರೈಲುಹಾದಿ ಅಲ್ಲಿತ್ತು. ಕಾರುಗಳು ಬಂದ ಮೇಲೆ ಅದರಲ್ಲಿ ಒಂದೇ ಡಬ್ಬಿಯ ರೈಲು ಉಳಿದಿತ್ತು. ಹಳ್ಳಿಯಲ್ಲಿ ಯಾರಾದರೂ ಕೈ ಎತ್ತಿದರೆ ನಿಲ್ಲುತ್ತಿತ್ತು, ಇಲ್ಲದಿದ್ದರೆ ಹೋಗಿಬಿಡುತ್ತಿತ್ತು. ಅವರು ಅಮೆರಿಕಕ್ಕೆ ಬಂದ ವರ್ಷವೇ ಅದನ್ನೂ ಮುಚ್ಚಿದರು. ಹಳಿಗಳ ನಡುವೆ ಮರ ಬೆಳೆದವು. ಊರಿನವರೇ ಹದಿನೈದು ವರ್ಷ ಗಿಡ ಕಡಿದು, ಅರ್ಜಿ ಬರೆದು, ಕೊನೆಗೆ ಈ ವಸಂತದಲ್ಲಿ ರೈಲು ಓಡಿಸಿದ್ದರು.

ತೆರೆಯ ಮೇಲೆ ಹೊಸ ರೈಲು ಬಂತು. ಅದೇ ನಿಲ್ದಾಣ, ಅದೇ ಮರದ ಬೆಂಚು. ಯಾರೂ ಇರಲಿಲ್ಲ. ಆದರೂ ರೈಲು ನಿಂತಿತು, ಬಾಗಿಲು ತೆರೆಯಿತು. ಡ್ರೈವರ್ ನಾಚಿಕೊಂಡು ಏನೋ ಹೇಳಿದ. ರೈಲಿನೊಳಗಿದ್ದವರು ನಕ್ಕರು.

"ಏನಂತೆ?" ಎಂದಳು ವಸಂತಾ.

"ಯಾರೋ ಮುದುಕಿ ಕೈ ಎತ್ತಿದ ಹಾಗಾಯ್ತಂತೆ," ಎಂದ ಶೇಷಾದ್ರಿ. ತೆರೆಯತ್ತಲೇ ನೋಡುತ್ತ, "ನಮ್ಮಮ್ಮ ಅವತ್ತು ಎತ್ತಿದ್ರೆ ಸಾಕಿತ್ತು," ಎಂದ.

ವಸಂತಾ ಇಪ್ಪತ್ತೆಂಟು ವರ್ಷದಿಂದ ಈ ಮಾತು ಕೇಳುತ್ತಲೇ ಇದ್ದಳು. ಬಾಣಂತನಕ್ಕೆಂದು ಅತ್ತೆ ಬಂದಿದ್ದರು. ಶೇಷಾದ್ರಿ ಊರಲ್ಲಿರಲಿಲ್ಲ. ಎಂಟನೇ ತಿಂಗಳಲ್ಲೇ ನೋವು ಶುರುವಾಗಿತ್ತು. ಭಾನುವಾರ, ನಾಲ್ಕೂ ನಲವತ್ತರ ರೈಲು. ರಾಹುಕಾಲ ಕಳೆಯಲಿ ಎಂದು ಅತ್ತೆ ಆ ರೈಲು ಬಿಟ್ಟರೆಂದೇ ಶೇಷಾದ್ರಿ ತಿಳಿದಿದ್ದ. ಆರು ಗಂಟೆಯ ಮೇಲೆ ಭಾನುವಾರ ರೈಲೇ ಇಲ್ಲವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಯಾರದೋ ಕಾರಿನಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಆಮೇಲೆ ಶೇಷಾದ್ರಿ ತಾಯಿಯ ಜೊತೆ ನೆಟ್ಟಗೆ ಮಾತಾಡಲೇ ಇಲ್ಲ. ಕೋವಿಡ್ ವರ್ಷ ಮೈಸೂರಿನಲ್ಲಿ ಅವರು ತೀರಿಕೊಂಡಾಗ ಹೋಗಲು ವಿಮಾನವೂ ಇರಲಿಲ್ಲ.

ಆಮೇಲಿಂದ ಅತ್ತೆ ವಸಂತಾಳನ್ನು ಬಿಟ್ಟಿರಲಿಲ್ಲ. ಪಾತ್ರೆ ತೊಳೆಯುವಾಗ ಹಿಂದೆ ಸೀರೆ ಸರಪರ ಎನ್ನುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಈಗಲೂ ಹಿಂದೆ ನಿಂತಂತಿತ್ತು.

"ಎತ್ತಿದ್ರು, ರೀ," ಎಂದಳು ವಸಂತಾ.

"ಏನು?"

"ಅಮ್ಮ ಕೈ ಎತ್ತಿದ್ರು. ರಾಹುಕಾಲ ಗೀಹುಕಾಲ ಏನಿಲ್ಲ, ನಡಿ ಅಂದ್ರು. ನಾನೇ ಅವರ ಕೈ ಹಿಡ್ಕೊಂಡು ಕೆಳಗಿಳಿಸ್ದೆ. ಮೊದಲನೇ ಮಗು, ಕೆಟ್ಟ ಹೊತ್ತಲ್ಲಿ ಹೊಸಿಲು ದಾಟಿಬಿಟ್ಟೆ, ಇನ್ನು ರೈಲೂ ಹತ್ಬೇಕಾ ಅಂತ."

ಶೇಷಾದ್ರಿ ಅವಳನ್ನೇ ನೋಡಿದ. "ಮತ್ತೆ ಅಮ್ಮ ಯಾಕೆ ಹೇಳ್ಲಿಲ್ಲ?"

"ಹೇಳ್ತೀನಿ ಅಂತ ನಾನು ಹೊರಟಿದ್ದೆ. ತಡೆದ್ರು. 'ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ನಾನು ಮೈಸೂರಿಗೆ ಹೋಗ್ತೀನಿ. ನಿನ್ನ ಮೇಲೆ ಮಾಡ್ಕೊಂಡ್ರೆ ನೀನು ಎಲ್ಲಿಗೆ ಹೋಗ್ತೀಯೇ, ಪೆದ್ದಿ' ಅಂದ್ರು. ಆಮೇಲೆ ನಂಗೂ ಅದೇ ಸುಲಭವಾಯ್ತು."

ಅವನು ಬೈಯುತ್ತಾನೆ ಎಂದು ಕಾದಳು. ಬೈಯಲಿಲ್ಲ. ರಿಮೋಟ್ ತೆಗೆದುಕೊಂಡು ವಿಡಿಯೋ ಹಿಂದಕ್ಕೆ ಓಡಿಸಿದ. ಖಾಲಿ ನಿಲ್ದಾಣದಲ್ಲಿ ರೈಲು ಮತ್ತೆ ನಿಂತಿತು, ಬಾಗಿಲು ತೆರೆಯಿತು, ಮುಚ್ಚತೊಡಗಿತು.

"ಇನ್ನೊಂಚೂರು ನಿಲ್ಸೋ, ಮಾರಾಯ," ಎಂದ ಶೇಷಾದ್ರಿ ಡ್ರೈವರನಿಗೆ. "ಅಮ್ಮನಿಗೆ ಮಂಡಿ ನೋವು. ನಿಧಾನಕ್ಕೆ ಹತ್ತಬೇಕು."