ಕ್ರೆಸ್‌ವೆಲ್ ಬಿಟ್ಟ ಅರ್ಧ ಪುಟ

ಶೇಖರಪ್ಪ ಕಾಕಾ ನನ್ನ ಮೂರು ವರ್ಷದ ಸಂಶೋಧನೆಯನ್ನು ಕೆಡವಿದ್ದು ಒಗ್ಗರಣೆ ಅವಲಕ್ಕಿ ತಿನ್ನುತ್ತ.

2004ರ ಏಪ್ರಿಲ್. ಪಿಎಚ್.ಡಿ.ಯ ಮುಖ್ಯ ಅಧ್ಯಾಯವನ್ನು ಶುಕ್ರವಾರದೊಳಗೆ ಗೈಡ್‌ಗೆ ಒಪ್ಪಿಸದಿದ್ದರೆ ಮುಂದಿನ ವರ್ಷದ ಫೆಲೋಶಿಪ್ ಇರಲಿಲ್ಲ. ವಿಷಯ ಜೋಸೆಫ್ ಕ್ರೆಸ್‌ವೆಲ್. 1840ರ ಸುಮಾರಿಗೆ ಇಂಗ್ಲೆಂಡಿನ ಲಿಂಕನ್‌ಶೈರಿನ ಸಣ್ಣ ಊರೊಂದರ ಸರ್ಜನ್. ಅರಿವಳಿಕೆ ಇನ್ನೂ ಬಾರದ ಕಾಲ. ತನ್ನ ಕೇಸ್ ಪುಸ್ತಕದಲ್ಲಿ ಕೆಲವು ರೋಗಿಗಳ ಬಗ್ಗೆ ಅವನು ಜ್ವರ, ಕೀವು ಎಂದು ದಿನದಿನವೂ ಬರೆದಿದ್ದಾನೆ. ಹತ್ತೊಂಬತ್ತು ಜನರಿಗೆ ಮಾತ್ರ ಒಂದೇ ಸಾಲು: ‘ಜಾನ್ ಹಾರ್ಗ್ರೇವ್, ಗಾಳಿಗಿರಣಿಯವನು. ಎಡಗಾಲು, ಮೊಣಕಾಲಿನ ಕೆಳಗೆ ಕಡಿದದ್ದು. ಎರಡೂವರೆ ನಿಮಿಷ.’ ಆಮೇಲೆ ಅರ್ಧ ಪುಟ ಖಾಲಿ.

ಇವರೆಲ್ಲ ಸತ್ತರು, ಬರೆಯಲು ಅವನಿಗೆ ಕೈ ಏಳಲಿಲ್ಲ ಎಂದು ನಲವತ್ತೊಂದು ಪುಟ ವಾದಿಸಿದ್ದೆ.

ಕಾಕಾ ಗದಗ ಕಡೆಯ ತಾಲೂಕು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಸರ್ಜನ್ ಆಗಿದ್ದವರು. ಅಮೆರಿಕದ ಓವರ್‌ಲೇಕಿನ ನಮ್ಮ ಅಪಾರ್ಟ್‌ಮೆಂಟಿಗೆ ಶಾಂತವ್ವ ಕಾಕುವಿನ ಜೊತೆ ಬಂದು ತಿಂಗಳಾಗಿತ್ತು. ಓದಲು ಏನೂ ಸಿಗದೆ ಆ ಕೇಸ್ ಪುಸ್ತಕದ ನನ್ನ ಜೆರಾಕ್ಸ್ ಕಟ್ಟಿಗೆ ಕೈ ಹಾಕಿದರು.

“ಎರಡೂವರಿ ನಿಮಿಷ! ಹುಲಿ ಅದಾನ ಮಗಾ.”

“ನಿಮಗ ಹಲ್ಲು ತಿಕ್ಕಾಕ ಅರ್ಧ ತಾಸು ಬೇಕು,” ಎಂದರು ಕಾಕು.

“ಆ ಖಾಲಿ ಜಾಗ ನೋಡ್ರಿ ಕಾಕಾ,” ಎಂದೆ. “ಎಂಥಾ ಮೌನ.”

“ಮೌನ ಎಲ್ಲೈತಿ? ಮತ್ತ ಬಂದ್ರ ಬರಿಯಾಕ ಜಾಗ ಬಿಟ್ಟಾನ. ನಾನೂ ಹಂಗ ಬಿಡ್ತಿದ್ನಿ.”

“ಒಬ್ರೂ ಬರಲಿಲ್ಲಲ್ರೀ?”

“ಆರಾಮ ಆದವ್ರು ಯಾಕ ಬರ್ತಾರವಾ, ನನ್ನ ಮಾರಿ ನೋಡಾಕ? ಸಾಯಾಕ ಹತ್ತಿದ್ರ ಮನಿಮಂದಿ ಓಡಿ ಬರ್ತಿದ್ರು. ಕೀರ್ತಿ, ನೀ ಸತ್ತವ್ರ ದಾಖಲಿ ನೋಡಿಯೇನು?”

ನೋಡಿರಲಿಲ್ಲ. ಆ ಮೌನವೇ ನನಗೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಪಕ್ಕದೂರು ಬೆಲ್‌ವ್ಯೂಗೆ ಕಾರು ಬಿಟ್ಟೆ. ಅಲ್ಲಿನ ಚರ್ಚಿನಲ್ಲಿ ವಂಶಾವಳಿ ಹುಡುಕುವವರಿಗೊಂದು ಕೋಣೆಯಿದೆ. ಕ್ರೆಸ್‌ವೆಲ್‌ನ ಹುಟ್ಟಿದ ದಿನ ನೋಡಲೆಂದು ಹಿಂದೆ ತರಿಸಿದ್ದ ಅವನೂರಿನ ಹುಟ್ಟು, ಮದುವೆ, ಸಾವಿನ ದಾಖಲೆಗಳ ಮೈಕ್ರೋಫಿಲ್ಮ್ ಅಲ್ಲೇ ಇತ್ತು. ಬೇಡವೆಂದರೂ ಕಾಕಾ ಜೊತೆಗೆ ಬಂದರು.

ಸಾವಿನ ಪಟ್ಟಿಯನ್ನು ಎರಡು ಸಲ ತಿರುಗಿಸಿದೆ. ಆ ವರ್ಷಗಳಲ್ಲಿ ಹತ್ತೊಂಬತ್ತರಲ್ಲಿ ಒಬ್ಬನೂ ಇಲ್ಲ.

“ಲಗ್ನದ್ದು ಹಚ್ಚು,” ಎಂದರು ಕಾಕಾ.

1846. ವರ, ಜಾನ್ ಹಾರ್ಗ್ರೇವ್, ಗಾಳಿಗಿರಣಿಯವನು. ಅದರ ಕೆಳಗೆ ಸಾಕ್ಷಿಯ ಸಹಿ. ಮೂರು ವರ್ಷ ಓದಿದ ಆ ಓರೆ ಅಕ್ಷರವನ್ನು ಹೆಸರು ಓದುವ ಮೊದಲೇ ಗುರುತಿಸಿದೆ: ಜೋಸೆಫ್ ಕ್ರೆಸ್‌ವೆಲ್.

“ಕಾಲು ಕಡಿದಾವ ಲಗ್ನಕ್ಕ ಬಂದಾನ!” ಕಾಕಾ ಜೋರಾಗಿ ನಕ್ಕರು. ಪಕ್ಕದ ಅಜ್ಜಿ ತಿರುಗಿ ನೋಡಿದಳು. “ನಾನೂ ಅಂಥಾ ಲಗ್ನ ಭಾಳ ಉಂಡೀನಿ. ಎರಡು ಹೋಳಿಗಿ ಜಾಸ್ತಿ ಹಾಕ್ತಾರ.”

ನನಗೂ ನಗು ಬಂತು. ಮೂರು ವರ್ಷ ನಾನು ಶೋಕಿಸಿದ್ದ ಮನುಷ್ಯ ಅಲ್ಲಿ ಮದುವಣಿಗನಾಗಿ ನಿಂತಿದ್ದ.

ಶುಕ್ರವಾರ ಗೈಡ್ ಮುಂದೆ ಹೊಸದಾಗಿ ಬರೆದ ಒಂಬತ್ತು ಪುಟ ಇಟ್ಟೆ, ಮೇಲೆ ಮದುವೆ ದಾಖಲೆಯ ಪ್ರತಿ. ಅವರು ನಿಂತೇ ಓದಿ ಮುಗಿಸಿದರು.

“ನಲವತ್ತೊಂದು ಪುಟ ಸತ್ತವರ ಬಗ್ಗೆ ಅಂದಿದ್ದೆಯಲ್ಲ, ಅವೆಲ್ಲಿ?”

“ಸತ್ತವರೆಲ್ಲ ಬದುಕಿಬಿಟ್ಟರು ಸರ್.”

ಅವರು ಪೆನ್ನು ತೆಗೆದು ಫೆಲೋಶಿಪ್ ಕಾಗದಕ್ಕೆ ಸಹಿ ಹಾಕಿದರು.